ಒಳಗೆ ಹೋಗದ ಬಲೂನು

"ಇದನ್ನ ಬೇಕಂತಲೇ ಹಾಳು ಮಾಡಿದ್ದಾರೆ!"

ದೊಡ್ಡ ಡಾಕ್ಟರ್ ಗುಡುಗಿದಾಗ, ಬೆಳಗಿನಿಂದ ನಿಂತೇ ಇದ್ದ ಸಿಸ್ಟರ್‌ಗೆ ಬೆಚ್ಚಿಬೀಳುವಷ್ಟು ತ್ರಾಣವೂ ಉಳಿದಿರಲಿಲ್ಲ.

ಮೇಜಿನ ಮೇಲೆ ಬಸ್ ಡ್ರೈವರ್ ಒಬ್ಬರು ಮಂಪರಿನಲ್ಲಿ ಮಲಗಿದ್ದರು. ಅವರ ಪಿತ್ತನಾಳದಲ್ಲಿ ಸಣ್ಣ ಕಲ್ಲುಗಳಿದ್ದವು. ಹೃದಯಕ್ಕಾಗಿ ರಕ್ತ ತೆಳುವಾಗಿಸುವ ಮಾತ್ರೆ ನುಂಗುವ ಮನುಷ್ಯ. ನಾಳದ ಬಾಯಿ ಕೊಯ್ದರೆ ರಕ್ತ ನಿಲ್ಲುವುದು ಕಷ್ಟ. ಹಾಗಾಗಿ ಬಲೂನಿನಿಂದ ಬಾಯಿ ಅಗಲಿಸಿ ಕಲ್ಲು ತೆಗೆಯಬೇಕಿತ್ತು. ಆ ಬಲೂನೇ, ಗಂಟಲಿನಿಂದ ಹೊಟ್ಟೆಗೆ ಇಳಿಸಿದ್ದ ಎಂಡೋಸ್ಕೋಪಿನ ಕೊಳವೆಯೊಳಗೆ ಹೋಗದೆ ಮೊಂಡು ಹಿಡಿದಿತ್ತು.

"ಬೆಳಗಿನಿಂದ ಪ್ರತಿ ಬಲೂನನ್ನೂ ನಾನೇ ಪರೀಕ್ಷೆ ಮಾಡಿದ್ದೀನಿ, ಒಂದೂ ಕೈಕೊಟ್ಟಿಲ್ಲ!" ದೊಡ್ಡ ಡಾಕ್ಟರ್ ಸಲಕರಣೆ ಸಿದ್ಧಮಾಡುವ ಟೆಕ್ನಿಷಿಯನ್ ಕಡೆ ತಿರುಗಿದರು. "ನಿನ್ನೆ ಬೈದಿದ್ದಕ್ಕೆ ಸೇಡಾ? ನಾಳೆಯಿಂದ ಕೆಲಸಕ್ಕೆ ಬರಬೇಡ."

"ಸಾರ್, ನಾನು ಪ್ಯಾಕೆಟ್ ಬಿಚ್ಚಿ ಟ್ರೇನಲ್ಲಿಟ್ಟು, ಸಿಸ್ಟರ್ ಜೊತೆ ಈ ಪೇಶಂಟನ್ನ ಕರ್ಕೊಂಡು ಬರೋಕೆ ಹೋದೆ, ಅಷ್ಟೇ." ಅವನ ಮನೆಯಲ್ಲಿ ದುಡಿಯುವವನು ಅವನೊಬ್ಬನೇ.

ರೋಗಿಯ ತಲೆಯ ಬಳಿ ಕೂತಿದ್ದ ಅರಿವಳಿಕೆ ಡಾಕ್ಟರ್ ಆಕಳಿಸಿದರು. ಎಲ್ಲರೂ ಅವರನ್ನು ಮಂಪರಮ್ಮ ಎನ್ನುತ್ತಿದ್ದರು. ಆಸ್ಪತ್ರೆಯಲ್ಲಿ ಏನೇ ಕಳೆದರೂ ಕೆಟ್ಟರೂ ಮೂಲ ಹುಡುಕುವವರು ಅವರೇ. ಅವರಿಗೆ ನೆರಳಾಗಿ ನಿಲ್ಲುವವಳು ಸಿಸ್ಟರ್.

"ಸ್ಟೋರಿನಿಂದ ಇನ್ನೊಂದು ಬಲೂನು ಬರಲಿ. ಅಷ್ಟರಲ್ಲಿ ಆ ಟ್ರೇ ಇಲ್ಲಿ ತಗೊಂಡು ಬಾಮ್ಮ."

ಸಿಸ್ಟರ್ ತಂದು ಹಿಡಿದಳು. ಬಲೂನಿನ ಬಿಗಿ ಮಡಿಕೆಗಳು ಸಡಿಲವಾಗಿದ್ದವು. ಎಲ್ಲೂ ತೂತಿಲ್ಲ, ಒಳಗೆ ಹನಿ ನೀರಿಲ್ಲ. ಬಲೂನಿಗೆ ನೀರು ತುಂಬಿ ಉಬ್ಬಿಸುವ ಪಂಪು ಇನ್ನೂ ಪ್ಯಾಕೆಟ್ಟಿನಲ್ಲೇ ಇತ್ತು. ಪಕ್ಕದಲ್ಲಿ ಒಂದು ಖಾಲಿ ಸಿರಿಂಜು ಬಿದ್ದಿತ್ತು.

"ಇವರಿಬ್ರೂ ಹೊರಗೆ ಹೋದಾಗ ಕೋಣೇಲಿ ಯಾರಿದ್ರು?"

"ದೊಡ್ಡ ಡಾಕ್ಟರ್ ಮತ್ತೆ ನಾನು," ಎಂದರು ಕಿರಿಯ ಡಾಕ್ಟರ್. "ನಾನು ಎಕ್ಸ್‌ರೇ ಯಂತ್ರ ಸರಿ ಮಾಡ್ತಿದ್ದೆ, ಈ ಕಡೆ ಬೆನ್ನು."

ಮಂಪರಮ್ಮ ಎಲ್ಲರನ್ನೂ ಹತ್ತಿರ ಕರೆದರು.

"ಹಾಳು ಮಾಡೋರಾಗಿದ್ರೆ ಸೂಜಿ ಚುಚ್ತಿದ್ರು. ಇಲ್ಲಿ ತೂತೇ ಇಲ್ಲ. ಮಡಿಕೆ ಬಿಚ್ಚಿದೆ, ಆದ್ರೆ ಒಳಗೆ ನೀರಿಲ್ಲ, ಅಂದ್ರೆ ಸಿರಿಂಜಿನಿಂದ ಗಾಳಿ ತುಂಬಿ ತೆಗೆದಿದ್ದಾರೆ. ಬೆಳಗಿನಿಂದ ಬಳಸ್ತಿದ್ದ, ಕಲ್ಲು ಎಳೆಯೋ ಬೇರೆ ಥರದ ಬಲೂನನ್ನ ಮೊದಲು ಹಾಗೇ ಪರೀಕ್ಷೆ ಮಾಡ್ತೀವಿ. ಬಾಯಿ ಅಗಲಿಸೋ ಈ ಬಲೂನನ್ನ ಮಾತ್ರ ಮುಂಚೆ ಉಬ್ಬಿಸಬಾರದು, ಮಡಿಕೆ ಬಿಚ್ಚಿದ್ರೆ ಕೊಳವೇಲಿ ಸಿಕ್ಕಿಕೊಳ್ಳುತ್ತೆ. ಇದು ಸೇಡಲ್ಲ, ಕೈಯ ಅಭ್ಯಾಸ. ಬೆಳಗಿನಿಂದ ಪ್ರತಿ ಬಲೂನನ್ನೂ ತಾವೇ ಪರೀಕ್ಷೆ ಮಾಡಿದ್ದು ಯಾರು, ಸಾರ್?"

ದೊಡ್ಡ ಡಾಕ್ಟರ್ ತಮ್ಮ ಕೈಗಳನ್ನೇ ನೋಡಿಕೊಂಡರು.

"ನನಗೆ ನೆನಪೇ ಇಲ್ವಲ್ಲಮ್ಮ."

"ಎಷ್ಟು ದಿನ ಆಯ್ತು ಸಾರ್, ನೀವು ಸರಿಯಾಗಿ ನಿದ್ದೆ ಮಾಡಿ?"

ದೊಡ್ಡ ಡಾಕ್ಟರ್ ಟೆಕ್ನಿಷಿಯನ್ ಕಡೆ ನೋಡಿದರು. "ನಿನ್ನ ಕೆಲಸ ಎಲ್ಲೂ ಹೋಗಲ್ಲಪ್ಪ. ತಪ್ಪು ನಂದು." ಆಮೇಲೆ ಕಿರಿಯ ಡಾಕ್ಟರಿಗೆ, "ಇದನ್ನ ನೀನೇ ಮಾಡು," ಎಂದು ಹೇಳಿ ಮೂಲೆಯ ಸ್ಟೂಲಿನ ಮೇಲೆ ಕುಸಿದರು.

ಹೊಸ ಬಲೂನು ಸಲೀಸಾಗಿ ಒಳಗೆ ಹೋಯಿತು. ನಾಳದ ಬಾಯಿ ಮೆಲ್ಲಗೆ ಅಗಲವಾಗಿ ಕಲ್ಲುಗಳು ಒಂದೊಂದಾಗಿ ಹೊರಬಂದವು, ರಕ್ತ ಸುರಿಯಲಿಲ್ಲ. ಎಕ್ಸ್‌ರೇ ಯಂತ್ರ ಆರಿಸಿದ ಮೇಲೆ ಸುದ್ದಿ ಹೇಳಲು ಸಿಸ್ಟರ್ ತಿರುಗಿದಳು. ದೊಡ್ಡ ಡಾಕ್ಟರ್ ಗೋಡೆಗೊರಗಿ ನಿದ್ದೆ ಹೋಗಿದ್ದರು. ಟೆಕ್ನಿಷಿಯನ್ ಅವರ ಮುಂದೆ ಮಂಡಿಯೂರಿ, ಎಚ್ಚರವಾಗದಂತೆ, ಅವರ ಮೈಮೇಲಿನ ಎಕ್ಸ್‌ರೇ ತಡೆಯುವ ಭಾರದ ಸೀಸದ ಏಪ್ರನ್ನಿನ ಪಟ್ಟಿಗಳನ್ನು ಒಂದೊಂದಾಗಿ ಬಿಚ್ಚುತ್ತಿದ್ದ.