ಇಳಿತದಲ್ಲಿ ನೇತಾಡಿದ ದೋಣಿ

ಗಂಡನ ಅಂತ್ಯಕ್ರಿಯೆಗೆ ಬಂದ ನೆಂಟರೆಲ್ಲ ಹೊರಟುಹೋಗಿದ್ದರು. ಮರುದಿನ ಬೆಳಿಗ್ಗೆ ಹಾಲು ಉಕ್ಕಿತು. ಒಲೆ ಒರೆಸಿದೆ. ಆಮೇಲೆ ಬಂದರಿಗೆ ಹೋದೆ. ಅವರ ದೋಣಿಯನ್ನು ಅಲ್ಲಿಂದ ತೆಗೆಸಬೇಕೆಂದು ಇನ್‌ಸ್ಪೆಕ್ಟರ್ ಹೇಳಿಕಳುಹಿಸಿದ್ದರು.

ಮೈದುನ ಜೊತೆಗೆ ಬಂದ. ಲಾರಿ ಓಡಿಸುವವನು, ಲೋಡು ಇಳಿಸಿ ನಾಲ್ಕು ದಿನ ನಮ್ಮಲ್ಲಿ ಉಳಿದಿದ್ದ. ಗಂಡ ಸತ್ತ ದಿನ ನಾನು ಕೆಲಸಕ್ಕೆ ಹೋಗಿದ್ದೆ. ತಾನು ಮನೆಯಲ್ಲೇ ಮಲಗಿದ್ದೆನೆಂದು ಅವನು ಎಲ್ಲರಿಗೂ ಹೇಳಿದ್ದ.

ನೀರು ಇಳಿದಿತ್ತು. ದೋಣಿ ಕಟ್ಟೆಯ ಗೋಡೆಗೆ ಮೂತಿಯಿಂದ ನೇತಾಡುತ್ತಿತ್ತು. ಹಿಂಭಾಗ ಕೆಸರಿನಲ್ಲಿ. ಗಾಳದ ಕೋಲುಗಳು, ಎರೆಯ ಡಬ್ಬಿ, ಎಲ್ಲ ಅಲ್ಲಿಗೇ ಜಾರಿ ರಾಶಿಯಾಗಿದ್ದವು.

"ಇದನ್ನ ಯಾರಾದ್ರೂ ಮುಟ್ಟಿದ್ರಾ?" ಎಂದು ಅಲ್ಲೇ ನಿಂತಿದ್ದ ಇನ್‌ಸ್ಪೆಕ್ಟರನ್ನು ಕೇಳಿದೆ.

"ಇಲ್ಲಮ್ಮ. ಅವತ್ತು ಹೇಗಿತ್ತೋ ಹಾಗೇ ಇದೆ," ಎಂದರು ಇನ್‌ಸ್ಪೆಕ್ಟರ್. "ಒಬ್ಬರೇ ಮೀನು ಹಿಡಿಯೋಕೆ ಹೋಗಿದ್ದಾರೆ. ವಾಪಸ್ ಬಂದು ದೋಣಿ ಕಟ್ಟಿದ್ದಾರೆ. ಕಟ್ಟೆಯ ಮೆಟ್ಟಿಲಲ್ಲಿ ಜಾರಿ ನೀರಿಗೆ ಬಿದ್ದಿದ್ದಾರೆ. ಸ್ವಲ್ಪ ತಗೊಂಡಿದ್ರೇನೋ—"

"ಅವರು ಕುಡೀತಿರಲಿಲ್ಲ."

"ಎಲ್ಲ ಹೆಂಡ್ತಿಯರೂ ಹಾಗೇ ಹೇಳ್ತಾರಮ್ಮ."

ಆ ಮಾತೇ ಕಡತ ಸೇರಲಿತ್ತು. ಅದನ್ನೇ ನನ್ನ ಅತ್ತೆಗೆ ಓದಿ ಹೇಳಲಿದ್ದರು. ಕುಡುಕನ ಸಾವು.

ನಾನು ಹಗ್ಗ ನೋಡಿದೆ.

"ಸರ್, ಇಲ್ಲಿ ಉಬ್ಬರಕ್ಕೂ ಇಳಿತಕ್ಕೂ ಒಂದಾಳು ಎತ್ತರದ ವ್ಯತ್ಯಾಸ. ನೀರು ಏರಿದಾಗ ಕಟ್ಟೋರು ಹಗ್ಗ ಉದ್ದಕ್ಕೆ ಬಿಡಬೇಕು. ಇಲ್ಲದಿದ್ರೆ ನೀರು ಇಳಿದಾಗ ದೋಣಿ ಹೀಗೆ ನೇಣು ಹಾಕ್ಕೊಳ್ಳುತ್ತೆ. ಮದುವೆಯಾದ ಹೊಸದರಲ್ಲಿ ಅವರು ನನಗೆ ಕಲಿಸಿದ್ದೇ ಇದು. ಇದನ್ನ ಕಟ್ಟಿದ್ದು ಅವರಲ್ಲ."

"ಮತ್ಯಾರು?"

"ಸಡಿಲ ಬಿಟ್ರೆ ಕೆಟ್ಟೆ ಅಂತ ಕಲಿತವರು. ಗಂಟು ನೋಡಿ. ಕುಣಿಕೆ ಹಾಕಿ, ಎಳೆದು, ಮತ್ತೆ ಎಳೆದು ಬಿಗಿದಿದ್ದಾರೆ. ಲೋಡಿನ ಮೇಲೆ ಟಾರ್ಪಾಲು ಬಿಗಿಯೋ ಗಂಟು." ಮೈದುನನ ಕಡೆ ತಿರುಗಿದೆ. "ಕಟ್ಟಿದ್ದು ನನ್ನ ಮೈದುನ."

ಅವನು ಕಟ್ಟೆಯ ಮೇಲೆ ಕೂತ.

"ಅತ್ತಿಗೇ... ದೊಡ್ಡ ಮೀನು ಕಚ್ತು ಅಂತ ಎದ್ದು ನಿಂತೆ. ನೀರಿಗೆ ಬಿದ್ದೆ. ಅಣ್ಣ ಹಾರಿ ನನ್ನನ್ನ ದೋಣಿಗೆ ಹತ್ತಿಸಿದ. ಒಂದೇ ಜಾಕೆಟ್ ಇತ್ತು, ತೇಲೋ ಜಾಕೆಟ್. ಅದು ನನ್ನ ಮೈ ಮೇಲಿತ್ತು. ತಿರುಗಿ ನೋಡೋಷ್ಟರಲ್ಲಿ ಅವನು ಕಾಣ್ಲಿಲ್ಲ."

"ದಡಕ್ಕೆ ಬಂದ್ಯಲ್ಲ. ಯಾಕೆ ಯಾರನ್ನೂ ಕೂಗಲಿಲ್ಲ?" ಎಂದು ಕೇಳಿದೆ.

"ಅಮ್ಮ ಕೇಳ್ತಾಳೆ, ಅಣ್ಣನ್ನ ಬಿಟ್ಟು ನೀನು ಹೇಗೆ ಬಂದೆ ಅಂತ."

"ಕೇಳಲಿ," ಎಂದೆ. "ನೀನೇ ಹೇಳು."

ಇನ್‌ಸ್ಪೆಕ್ಟರ್ ಟೋಪಿ ತೆಗೆದು ಕಂಕುಳಲ್ಲಿ ಇಟ್ಟುಕೊಂಡರು. "ತಪ್ಪು ಮಾತಾಡಿದೆ, ಅಮ್ಮ."

ಜಾಕೆಟ್ ಲಾರಿಯ ಸೀಟಿನ ಹಿಂದೆ ಸಿಕ್ಕಿತು. ಪಕ್ಕದ ಮನೆಯ ಮೇಷ್ಟ್ರದು. ಈಜು ಬಾರದ ತಮ್ಮನಿಗೆಂದು ನನ್ನ ಗಂಡ ಕೇಳಿ ತಂದಿದ್ದರಂತೆ. ಇನ್‌ಸ್ಪೆಕ್ಟರ್ ನೋಡಿ, ಬರೆದುಕೊಂಡು, ನನ್ನ ಕೈಗೆ ಕೊಟ್ಟರು. ಉಪ್ಪು ಹೋಗುವಂತೆ ತೊಳೆದೆ, ಒಣಗಿಸಿದೆ, ಸಂಜೆ ಕೊಂಡೊಯ್ದೆ.

ಮೇಷ್ಟ್ರು ಬಾಗಿಲಲ್ಲೇ ನಿಂತರು. ಕೈ ಚಾಚಲಿಲ್ಲ.

"ಹಳೇದು ಕೊಟ್ಟುಬಿಟ್ಟೆನಲ್ಲಮ್ಮ. ಅದು ತೇಲಲಿಲ್ಲ ಅಂತ ಕಾಣುತ್ತೆ. ಅವತ್ತಿಂದ ನನಗೆ ಊಟ ಸೇರ್ತಿಲ್ಲ."

"ತೇಲಿತು, ಮೇಷ್ಟ್ರೇ," ಎಂದೆ. "ಚೆನ್ನಾಗಿ ತೇಲಿತು. ತಗೊಳ್ಳಿ."