ನಡುಗುವ ಬಾಲದ ವಿಮಾನ

ವಿಮಾನ ಅವಳ ತಲೆಯ ಮೇಲೇ ಬೀಳಬೇಕಿತ್ತು... ಕೂದಲೆಳೆಯಲ್ಲಿ ತಪ್ಪಿತು!

ಬಯಲಿನ ಹುಲ್ಲಿನಲ್ಲಿ ಮೂಗು ಹುಗಿದುಕೊಂಡು ಬಿದ್ದಿದ್ದ ಆ ಪುಟ್ಟ ವಿಮಾನದತ್ತ ಒಬ್ಬ ರಿಮೋಟ್ ಹಿಡಿದು ಏದುಸಿರು ಬಿಡುತ್ತ ಓಡಿಬಂದ.

"ಅಯ್ಯೋ, ರೆಕ್ಕೆಗೇನೂ ಆಗಿಲ್ಲ ತಾನೇ?"

"ನನಗೇನಾಯ್ತು ಅಂತ ಕೇಳಲ್ವಾ ನೀವು?"

ಅವನು ತಲೆಯೆತ್ತಿದ. ಸಂಜೆಯ ಬೆಳಕಿನಲ್ಲಿ ಆ ಕಣ್ಣುಗಳು... ಬೈಯಬೇಕೆಂದಿದ್ದುದೇ ಅವಳಿಗೆ ಮರೆತುಹೋಯಿತು.

"ಕ್ಷಮಿಸಿ... ಇದು ನಮ್ಮಣ್ಣ ಕಟ್ಟಿದ್ದು. ಕಾಯಿಲೆ ಬಂದು ಅವನ ಕೈ ನಡುಗುತ್ತೆ, ಹಾರಿಸೋದನ್ನೇ ಬಿಟ್ಬಿಟ್ಟ. ನಾನಾದ್ರೂ ಅವನ ಮುಂದೆ ಒಂದ್ಸಲ ಹಾರಿಸೋಣ ಅಂತ..."

ಅವಳು ಬಗ್ಗಿ ನೋಡಿದಳು. ವಿಮಾನದ ಬಾಲ ಚಳಿ ಹಿಡಿದಂತೆ ನಡುಗುತ್ತಿತ್ತು.

"ಬಾಲ ಅಲುಗಿಸೋ ಸರ್ವೋ ಕೆಟ್ಟಿರಬೇಕು. ಆಚೆ ಬೀದೀಲಿ ನಮ್ಮ ಚಿಕ್ಕಮ್ಮನ ಕ್ಯಾಮೆರಾ ರಿಪೇರಿ ಅಂಗಡಿ ಇದೆ. ನಾನೂ ಅಲ್ಲೇ ರಿಪೇರಿ ಮಾಡೋದು. ತನ್ನಿ, ನೋಡ್ತೀನಿ."

ಬೆಂಕಿಪೊಟ್ಟಣಕ್ಕಿಂತ ಚಿಕ್ಕದಾದ ಆ ಸರ್ವೋ ಡಬ್ಬಿಯೊಳಗೆ ಒಂದು ಮೋಟಾರು, ನಾಲ್ಕಾರು ಹಲ್ಲುಚಕ್ರಗಳು. ಒಂದರ ಹಲ್ಲು ಮುರಿದಿತ್ತು. ಹೊಸ ಚಕ್ರ ಸಿಗುವವರೆಗೂ ಅವನು, ಕಿಟಕಿಗಳಿಗೆ ಗಾಜು ಕೂರಿಸುವ ತನ್ನ ಕೆಲಸ ಮುಗಿಸಿ, ದಿನವೂ ಸಂಜೆ ಬಂದ. ಮೇಜಿನ ದೀಪದ ಕೆಳಗೆ ಇಬ್ಬರ ತಲೆಗಳು ಹತ್ತಿರ ಹತ್ತಿರ... ಅವನು ಹೋದ ಮೇಲೂ ಅವಳಿಗೆ ಎಲ್ಲೋ ಮೋಡದ ಅಂಚಿನಲ್ಲಿ ತೇಲುತ್ತಿರುವಂತೆ!

"ಒಂದು ಚಕ್ರ ತರಿಸೋಕೆ ಇಷ್ಟು ದಿನ ಬೇಕೇನೇ?" ಚಿಕ್ಕಮ್ಮ ಕನ್ನಡಕದ ಮೇಲಿನಿಂದ ನೋಡಿ ನಕ್ಕರು.

ಕೊನೆಗೂ ಹೊಸ ಚಕ್ರ ಕೂತಿತು. ಭಾನುವಾರ ಅಣ್ಣನೂ ಬಯಲಿಗೆ ಬಂದ. ವಿಮಾನ ಏರಿತು... ಮರುಕ್ಷಣವೇ ಬಾಲ ಮತ್ತೆ ನಡುಗಿತು! ಹೇಗೋ ತೂರಾಡುತ್ತ ಇಳಿಯಿತು. ಅಣ್ಣ ಮುಖ ತಿರುಗಿಸಿದ.

"ಸರಿಹೋಯ್ತು ಅಂದ್ರಲ್ಲ!" ತಮ್ಮ ಅವಳ ಮೇಲೆ ಸಿಡಿದ. "ರಿಪೇರಿ ಬರಲ್ಲ ಅಂದಿದ್ರೆ ಅಣ್ಣನಿಗೆ ಆಸೆನಾದ್ರೂ ಹುಟ್ಟಿಸ್ತಿರಲಿಲ್ಲ!"

ಅವಳು ತುಟಿ ಕಚ್ಚಿಕೊಂಡು ಹೊರಟುಬಂದಳು. 'ಇಷ್ಟೇನಾ? ನಾನು ಬರೀ ರಿಪೇರಿಯವಳಾ ಅವನಿಗೆ?'

ಆಮೇಲೆ ಅವನು ಬರಲಿಲ್ಲ. ಬಂದಿದ್ದು ಅಣ್ಣ, ವಿಮಾನವನ್ನೂ ರಿಮೋಟನ್ನೂ ಎದೆಗವಚಿಕೊಂಡು.

"ನಿನ್ನನ್ನ ಬೈದು ಬಂದವನು ಸರಿಯಾಗಿ ಊಟಾನೂ ಮಾಡ್ತಿಲ್ಲಮ್ಮ. ಬಂದು ಮುಖ ತೋರಿಸೋಕೆ ಧೈರ್ಯ ಇಲ್ಲ ಅವನಿಗೆ."

"ಕೂತ್ಕೊಳ್ಳಿ ಅಣ್ಣ..."

"ಅಣ್ಣ ಅನ್ನಬೇಡ! ನಾಳೆ ಭಾವ ಅನ್ನೋ ಕಾಲ ಬಂದ್ರೆ ಕಷ್ಟ."

ಕೆನ್ನೆ ಕೆಂಪೇರಿದರೂ ಅವಳು ಕೆಲಸಕ್ಕೆ ಕೈಹಾಕಿದಳು. ಬಾಲದ ಸರ್ವೋವನ್ನು ರೆಕ್ಕೆಯ ತಂತಿಗೆ ಜೋಡಿಸಿದಳು. ನಡುಕವಿಲ್ಲ. ರೆಕ್ಕೆಯದನ್ನು ಬಾಲದ ತಂತಿಗೆ... ಅದು ನಡುಗಿತು! ಅಂದರೆ ದೋಷ ತಂತಿಯಲ್ಲಿ! ಒಳಗಿನ ಮರದಂಚಿಗೆ ಉಜ್ಜಿ ಉಜ್ಜಿ ಒಂದೆಳೆ ಸವೆದಿತ್ತು. 'ಮೊದಲು ಕಂಡ ಮುರಿದ ಹಲ್ಲಿಗೇ ಹುಡುಕೋದು ನಿಲ್ಲಿಸಿಬಿಟ್ಟೆನಲ್ಲ...'

ಬೆಸುಗೆ ಹಾಕಿ ಮುಗಿಸಿದಾಗ ಮೇಜಿನ ಮೇಲೆ ನಡುಗುತ್ತಿದ್ದ ಅಣ್ಣನ ಬೆರಳುಗಳು ಕಂಡವು. ರಿಮೋಟನ್ನು ಎತ್ತಿಕೊಂಡು ಬಹಳ ಹೊತ್ತು ಅದರಲ್ಲೇ ಮುಳುಗಿದಳು.

"ಕೈ ನಡುಗಿ ರಿಮೋಟಿನ ಕಡ್ಡಿ ಸ್ವಲ್ಪಸ್ವಲ್ಪ ಅಲುಗಿದ್ರೆ ವಿಮಾನಕ್ಕೆ ತಿಳಿಯದ ಹಾಗೆ ಹೊಂದಿಸಿದೀನಿ. ಇನ್ನು ನೀವೇ ಹಾರಿಸಿ."

ಆ ಸಂಜೆ ಚಿಕ್ಕಮ್ಮ ಫೋನ್ ಮಾಡಿ ಕರೆದಾಗ ಓಡಿಬಂದ ತಮ್ಮ ಬಯಲಿನಂಚಿನಲ್ಲೇ ನಿಂತುಬಿಟ್ಟ. ರಿಮೋಟ್ ಅಣ್ಣನ ಕೈಯಲ್ಲಿತ್ತು! ಬೆರಳುಗಳು ನಡುಗುತ್ತಿದ್ದವು, ಮೇಲೆ ವಿಮಾನ ಮಾತ್ರ ಬಂಗಾರದ ಬೆಳಕಿನಲ್ಲಿ ನಿದ್ದೆಯಲ್ಲಿದ್ದಂತೆ ತೇಲುತ್ತಿತ್ತು... ಅಣ್ಣ ಜೋರಾಗಿ ನಗುತ್ತಿದ್ದ.

ತಮ್ಮನ ಕಣ್ಣು ತುಂಬಿತು. ಮೆಲ್ಲಗೆ ಅವಳ ಪಕ್ಕಕ್ಕೆ ಬಂದ.

"ನನಗೆ ಕ್ಷಮೆ ಇದೆಯಾ?"

"ಬೈದಿದ್ದಕ್ಕೆ ಇದೆ. ಬರದೇ ಇದ್ದಿದ್ದಕ್ಕೆ ಇಲ್ಲ."

"ನೀವಂದ್ರೆ ನನಗೆ ಪ್ರಾಣ... ಆದ್ರೆ ಇನ್ನು ಕೆಟ್ಟಿರೋದು ಏನೂ ಉಳಿದಿಲ್ಲ. ನಾಳೆ ಯಾವ ನೆಪ ಹೇಳಿ ಬರಲಿ?"

"ನೆಪ ಯಾಕೆ? ಸುಮ್ನೆ ಬನ್ನಿ."

"ಬನ್ನಿ ಅಂದ್ರೆ ಗಿರಾಕೀನ ಕರೆದ ಹಾಗಿರುತ್ತೆ..."

ಅವಳು ತಲೆ ತಗ್ಗಿಸಿದಳು. ಬೆರಳು ತಾನಾಗಿ ಅವನ ಬೆರಳನ್ನು ಹುಡುಕಿಕೊಂಡಿತು.

"ಬಾ."