ಸುಲಭದ ಪ್ರಶ್ನೆ

"ಎಫುವಾ, ನಾಡಿ ಎಲ್ಲಿ ಹಿಡಿದು ನೋಡ್ತಾರೆ?"

ಎಫುವಾಳ ಕೆನ್ನೆ ಬಿಸಿಯಾಯಿತು. ಮೆಡಿಕಲ್ ಕೊನೆಯ ವರ್ಷದವಳಿಗೆ ಕೇಳುವ ಪ್ರಶ್ನೆಯೇ ಇದು?

"ಮಣಿಕಟ್ಟಿನಲ್ಲಿ, ಡಾಕ್ಟರ್."

"ವೆರಿ ಗುಡ್!" ಎಂದು ನಕ್ಕ ಯುವ ಡಾಕ್ಟರ್ ರೋಡ್ರಿ, ಪಕ್ಕದಲ್ಲಿದ್ದ ಸಹಪಾಠಿ ಹ್ಯಾರಿಯೆಟ್‌ಗೆ ಹೃದಯದ ಕವಾಟದ ಬಗ್ಗೆ ಬೆವರಿಳಿಸುವಂಥ ಪ್ರಶ್ನೆ ಎಸೆದ. ಹ್ಯಾರಿಯೆಟ್ ತಡವರಿಸಿ ಹೇಗೋ ಹೇಳಿದಳು. ಎಫುವಾಳ ನಾಲಿಗೆಯ ತುದಿಯಲ್ಲಿದ್ದ ಪೂರ್ತಿ ಉತ್ತರ ಗಂಟಲಿಗಿಳಿಯಿತು.

ಕಾರ್ಡಿಫ್‌ನ ಆ ಆಸ್ಪತ್ರೆಯಲ್ಲಿ ಅಂಕ ಬೀಳುವುದೇ ರೋಗಿಯ ಮಂಚದ ಪಕ್ಕದ ಈ ಪ್ರಶ್ನೋತ್ತರಕ್ಕೆ. ಹೃದ್ರೋಗ ತರಬೇತಿಗೆ ಒಬ್ಬರೇ ಆಯ್ಕೆಯಾಗುವುದು. ಎಫುವಾಳ ಕನಸೆಲ್ಲ ಅದೊಂದೇ. ಅಂಕ ಹಾಕುವವನು ರೋಡ್ರಿ!

ಅದೇ ರೋಡ್ರಿ ಕ್ಯಾಂಟೀನಿನಲ್ಲಿ ಅವಳಿಗಾಗಿ ಚಹಾ ಹಿಡಿದು ಕಾಯುತ್ತಾನೆ. ಅವಳು ತಂದ ಅಮ್ಮನ ಕೈಯ ಪಶ್ಚಿಮ ಆಫ್ರಿಕದ ಜೊಲೊಫ್ ಅನ್ನ ತಿಂದು, ಖಾರಕ್ಕೆ ಕಣ್ಣೀರು ಸುರಿಸುತ್ತಲೇ ಇನ್ನಷ್ಟು ಕೇಳುತ್ತಾನೆ.

ಇವನಿಗೆ ನಾನು ಇಷ್ಟವೋ... ಇಲ್ಲ, ದಡ್ಡಿ ಎಂಬ ಕನಿಕರವೋ?

ಅಂಕ ಹೇಳುವ ದಿನ ಹಿರಿಯ ಡಾಕ್ಟರ್ ಮೆಗನ್ ಎಫುವಾಳನ್ನು ಕರೆದರು. "ವಿನಯದ ಹುಡುಗಿ ನೀನು. ಆದ್ರೆ ಕಷ್ಟದ್ದು ನಿಂಗೆ ಬರುತ್ತೋ ಇಲ್ವೋ, ರೋಡ್ರಿಗೆ ಗೊತ್ತಾಗಲಿಲ್ವಂತೆ. ಅದಕ್ಕೇ ಅಂಕ ಕಮ್ಮಿ."

ಎಫುವಾ ನೇರ ಮೆಟ್ಟಿಲ ಬಳಿ ರೋಡ್ರಿಯನ್ನು ಅಡ್ಡಗಟ್ಟಿದಳು. "ಕೇಳಿದ್ರಲ್ವಾ ಗೊತ್ತಾಗೋದು!"

ರೋಡ್ರಿ ಪೆಚ್ಚಾದ. "ನೀವು ಗಟ್ಟಿಯಾಗಿ ಉತ್ತರ ಕೊಟ್ಟಿದ್ದಕ್ಕೆ ಹಿಂದಿನ ವಾರ್ಡ್‌ನಲ್ಲಿ ನಿಮ್ಮನ್ನ ಸಿಡುಕಿ ಅಂದಿದ್ರಂತೆ. ಮತ್ತೆ ಎಲ್ಲರೆದುರು ನಿಮಗೆ ನೋವಾಗಬಾರದು ಅಂತ..."

"ಹ್ಯಾರಿಯೆಟ್ ಗಟ್ಟಿಯಾಗಿ ಹೇಳಿದ್ರೆ ಆತ್ಮವಿಶ್ವಾಸ. ಕರಿ ಹುಡುಗಿ ಹೇಳಿದ್ರೆ ಸಿಡುಕು, ಸುಮ್ಮನಿದ್ರೆ ದಡ್ಡಿ. ನಾನು ಹೇಗಿರಲಿ, ನೀವೇ ಹೇಳಿ!" ಅವಳ ಕಣ್ಣು ತುಂಬಿತು. "ನನ್ನ ಅವಕಾಶಾನ ಅವರು ಬೈದು ಕಿತ್ಕೊಂಡ್ರು. ನೀವು ಮುದ್ದು ಮಾಡಿ ಕಿತ್ಕೊಂಡ್ರಿ."

ರೋಡ್ರಿ ಒಳ್ಳೆಯವನೇನೋ ಹೌದು, ಆದರೆ ಆ ಒಳ್ಳೆಯತನದಿಂದ ಅವಳಿಗಾದದ್ದು ಅನ್ಯಾಯವೇ.

ಮರುದಿನ ರೌಂಡ್ಸ್‌ನಲ್ಲಿ, ಎಲ್ಲರೆದುರೇ ಬಾಯಿಬಿಟ್ಟ. "ಮೆಗನ್, ತಪ್ಪು ನನ್ನದು. ಎಫುವಾಳನ್ನ ನಾನು ಸರಿಯಾಗಿ ಪರೀಕ್ಷೆನೇ ಮಾಡಿಲ್ಲ. ಎಲ್ಲರಿಗೂ ಒಂದೇ ಥರದ ಪ್ರಶ್ನೆ ನೀವೇ ಕೇಳಿ. ಇವರಿಗೆ ನಾನು ಅಂಕ ಕೊಡೋ ಹಾಗಿಲ್ಲ."

"ಯಾಕಪ್ಪಾ?"

ರೋಡ್ರಿಯ ಕಿವಿ ಕೆಂಪಾಯಿತು. ಹ್ಯಾರಿಯೆಟ್ ಮುಸಿಮುಸಿ ನಕ್ಕಳು. ಮಂಚದ ಮೇಲಿದ್ದ ಅಜ್ಜಿಗೂ ಅರ್ಥವಾಯಿತು. ಅರ್ಥವಾಗದೆ ಉಳಿದವಳು ಎಫುವಾ ಒಬ್ಬಳೇ.

ಅಂಕ ಕೊಡೋದಕ್ಕೂ ನಾನು ಯೋಗ್ಯಳಲ್ಲವೇ?

ಆ ಸಿಟ್ಟಿನಲ್ಲೇ ಉತ್ತರಿಸಿದಳು. ಗಟ್ಟಿಯಾಗಿ, ತಲೆಯೆತ್ತಿ, ಮೆಗನ್ ಕೇಳಿದ್ದಕ್ಕೆಲ್ಲ! ಈ ಸಲ ಯಾರೂ ಅದನ್ನು ಸಿಡುಕು ಎನ್ನಲಿಲ್ಲ. ಸಂಜೆಯೊಳಗೆ ತರಬೇತಿ ಅವಳದಾಯಿತು.

ಕ್ಯಾಂಟೀನಿನಲ್ಲಿ ಚಹಾ ಆರುತ್ತಿತ್ತು. ರೋಡ್ರಿ ತಲೆ ತಗ್ಗಿಸಿ ಕೂತಿದ್ದ. ಎಫುವಾ ಎದುರಿಗೆ ಕುಳಿತಳು.

"ಈಗಾದ್ರೂ ಹೇಳಿ. ನಂಗೆ ಅಂಕ ಕೊಡೋ ಹಾಗಿಲ್ಲ ಅಂದಿದ್ದು ಯಾಕೆ?"

"ಪ್ರೀತಿಸೋ ಹುಡುಗಿಗೆ ಹೇಗೆ ಅಂಕ ಕೊಡ್ಲಿ?"

ಎಫುವಾಳ ಎದೆ ಧಸಕ್ಕೆಂದಿತು. ಕೋಪ ಇನ್ನೂ ಇತ್ತು... ಆದರೆ ಚಹಾ ಕಪ್ಪನ್ನು ತನ್ನತ್ತ ಎಳೆದುಕೊಂಡದ್ದು ಅವಳದೇ ಕೈ!

"ನೀವು ಮಾಡಿದ್ದು ನಾನು ಮರೆಯಲ್ಲ."

"ಮರೀಬೇಡ. ನಾನೂ ಮರೆಯಲ್ಲ." ಅವನು ತಲೆಯೆತ್ತಿದ. "ಒಂದೇ ಒಂದು ಕಷ್ಟದ ಪ್ರಶ್ನೆ ಕೇಳ್ಲಾ? ನಿಂಗೂ... ನಾನು ಇಷ್ಟಾನಾ?"

ಎಫುವಾ ಅವನ ಮಣಿಕಟ್ಟು ಹಿಡಿದಳು. ನಾಡಿ ಓಡುತ್ತಿತ್ತು.

"ಮತ್ತೆ ಸುಲಭದ್ದೇ ಕೇಳ್ತೀಯಲ್ಲೋ!"